ಜಾಂಜಿಬಾರ್‌ನಲ್ಲಿ ಏಳು ದಿನ: ಎರಡು ನೆಲಮಾಳಿಗೆ, ಹದಿನಾರು ಕೈ ಈಜು

ದಿನ 1: ಹಡಗು

ಹಡಗು ತಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರು ಬಿಟ್ಟು ಹತ್ತು ನಿಮಿಷ ಆಗಿರಲಿಲ್ಲ. ಸೀಟಿನ ಕೆಳಗೆ ಕೈ ಹಾಕಿ ಲೈಫ್ ಜಾಕೆಟ್ ಇದೆಯಾ ಅಂತ ತಡಕಿ ನೋಡಿದೆ. ಇತ್ತು. ಪಕ್ಕದಲ್ಲಿದ್ದ ತಂಗಿಯ ಮಗಳು ಕಿಸಕ್ಕನೆ ನಕ್ಕಳು. ಅವಳಿಗೆ 9 ವರ್ಷ, ಮೀನಿನ ಹಾಗೆ ಈಜುತ್ತಾಳೆ. ನನಗೆ 44, ಮೊಣಕಾಲಿಗಿಂತ ಮೇಲೆ ನೀರು ಬಂದರೆ ಜೀವ ಬಾಯಿಗೆ ಬರುತ್ತದೆ.

ಹೆದರಿಕೆ ಸುಮ್ನೆ ಬಂದದ್ದಲ್ಲ. ಜಾಂಜಿಬಾರ್ ಅಂದರೆ ಒಂದೇ ದ್ವೀಪ ಅಲ್ಲ. ಉಂಗುಜಾ, ಪೆಂಬಾ ಅಂತ ಎರಡು ದೊಡ್ಡವು, ಸುತ್ತ ಸಣ್ಣಪುಟ್ಟವು. 2011ರ ಸೆಪ್ಟೆಂಬರ್‌ನಲ್ಲಿ ಉಂಗುಜಾದಿಂದ ಪೆಂಬಾಗೆ ಹೊರಟಿದ್ದ ಹಡಗೊಂದು ರಾತ್ರಿ ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹತ್ತೇ ತಿಂಗಳಲ್ಲಿ, 2012ರ ಜುಲೈನಲ್ಲಿ, ನಾವೀಗ ಹೋಗುತ್ತಿದ್ದ ದಾರಿಯಲ್ಲೇ ಇನ್ನೊಂದು ಮುಳುಗಿತು. ಹೊರಡುವ ಹಿಂದಿನ ರಾತ್ರಿ ಇದನ್ನೆಲ್ಲ ಓದಬಾರದಿತ್ತು.

ನಾನು ಹುಟ್ಟಿ ಬೆಳೆದದ್ದು ಯಲ್ಲಾಪುರದ ಕಡೆ. ಮನೆ ಹಿಂದೆ ತೋಟ, ತೋಟದಾಚೆ ಹೊಳೆ. ಅಣ್ಣಂದಿರು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಒಂದೇ ಬೇಸಿಗೆಯಲ್ಲಿ ಈಜು ಕಲಿತರು. ನನಗೂ ತಂಗಿಗೂ ಅಮ್ಮ ಹೇಳಿದ್ದು ಒಂದೇ ಮಾತು, "ಹೊಳೆ ಬದಿಗೆ ಹೋಗಡ." ತಂಗಿ ಮದುವೆಯಾಗಿ ದಾರ್‌ಗೆ ಬಂದ ಮೇಲೆ ಕಲಿತಳು. ಈ ಸಲ ಫೋನಿನಲ್ಲೇ ಪಟ್ಟು ಹಿಡಿದಿದ್ದಳು, ಬಂದರೆ ಈಜು ಕಲಿತೇ ಹೋಗಬೇಕು ಅಂತ. ನಾನೂ ಒಂದು ಷರತ್ತು ಹಾಕಿದ್ದೆ. ಮೊದಲು ಗುಲಾಮರ ಮಾರುಕಟ್ಟೆ ನೋಡೋಣ, ಆಮೇಲೆ ನೀರು.

ಎರಡು ಗಂಟೆ ಪ್ರಯಾಣದ ಮೇಲೆ ಉಂಗುಜಾದ ಹಳೇ ಪಟ್ಟಣ ಸ್ಟೋನ್ ಟೌನ್ ಬಂತು. ಹವಳದ ಕಲ್ಲಿನಲ್ಲಿ ಕಟ್ಟಿದ ಬಿಳಿ ಬಿಳಿ ಊರು. ಸಂಜೆ ಫೊರೊಧಾನಿ ತೋಟಕ್ಕೆ ಹೋದೆವು. ಸಮುದ್ರದ ದಂಡೆಯಲ್ಲಿ ಸಾಲು ಸಾಲು ತಿಂಡಿ ಅಂಗಡಿ, ಕಬ್ಬಿನ ಹಾಲಿಗೆ ಶುಂಠಿ ನಿಂಬೆ ಹಿಂಡಿ ಕೊಡುತ್ತಾರೆ. ಉರೋಜೋ ಅಂತ ಒಂದು ಸಾರು ತಿಂದೆ. ಹುಳಿಹುಳಿ ಅರಿಶಿನ ಬಣ್ಣದ ಗಂಜಿಯಂಥದ್ದರೊಳಗೆ ಬಜೆ, ಆಲೂಗಡ್ಡೆ, ಚಟ್ನಿ. ಬಜೆಗೆ ಅವರೂ ಬಜಿಯಾ ಅಂತಲೇ ಅನ್ನುತ್ತಾರೆ. ಅಂಗಡಿಗೆ 'ದುಕಾ', ಕಾರಿಗೆ 'ಗಾರಿ', ಲೋಕಕ್ಕೆ 'ದುನಿಯಾ'. ಎರಡು ಗಂಟೆಯಲ್ಲಿ ನನಗೆ ಸ್ವಾಹಿಲಿ ಅರ್ಧ ಬಂದೇಬಿಟ್ಟಿತು ಅಂದುಕೊಂಡೆ.

ಅಲ್ಲೇ ಕಟ್ಟೆ ಮೇಲಿಂದ ಹುಡುಗರು ಸಮುದ್ರಕ್ಕೆ ಹಾರುತ್ತಿದ್ದರು. ಓಡಿ ಬಂದು, ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು, ಧುಮ್ ಅಂತ ಬೀಳುವುದು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಲೆಕ್ಕ ಹಾಕಿದೆ. ಇಪ್ಪತ್ತಕ್ಕೂ ಜಾಸ್ತಿ ಹುಡುಗರು. ಹುಡುಗಿ ಒಬ್ಬಳೂ ಇಲ್ಲ.

ದಿನ 2: ಮ್ಕುನಾಜಿನಿ

ಗುಲಾಮರ ಮಾರುಕಟ್ಟೆ ಅಂದರೆ ಈಗ ಅಲ್ಲಿ ಮಾರುಕಟ್ಟೆ ಇಲ್ಲ, ಚರ್ಚ್ ಇದೆ. ಮ್ಕುನಾಜಿನಿ ಅನ್ನುವ ಕೇರಿಯಲ್ಲಿ ಕ್ರೈಸ್ಟ್ ಚರ್ಚ್ ಕೆಥೆಡ್ರಲ್. 1873ರ ಜೂನ್‌ನಲ್ಲಿ ಸುಲ್ತಾನ ಬರ್ಗಾಶ್ ಒಪ್ಪಂದಕ್ಕೆ ಸಹಿ ಹಾಕಿ ಮಾರುಕಟ್ಟೆ ಮುಚ್ಚಿದ. ಮನಸ್ಸಿನಿಂದ ಹಾಕಿದ್ದಲ್ಲ. ಮೊದಲು ಬಾಂಬೆಯ ಗವರ್ನರ್ ಆಗಿದ್ದ ಬಾರ್ಟಲ್ ಫ್ರೀರ್ ಬಂದು ಮಾತಾಡಿ ಸೋತು ಹೋದ. ಆಮೇಲೆ ಬ್ರಿಟಿಷ್ ಕಾನ್ಸುಲ್ ಜಾನ್ ಕರ್ಕ್, ನೌಕಾಪಡೆ ತಂದು ದ್ವೀಪಕ್ಕೆ ದಿಗ್ಬಂಧನ ಹಾಕುತ್ತೇವೆ ಅಂದ. ಆಗ ಸಹಿ ಬಿತ್ತು. ಅದೇ ವರ್ಷದ ಕೊನೆಗೆ ಅದೇ ಜಾಗದಲ್ಲಿ ಚರ್ಚ್ ಕಟ್ಟಲು ಶುರುಮಾಡಿದರು.

ನಮ್ಮ ಗೈಡ್ ಅರವತ್ತು ದಾಟಿದವರು. ತೆಳ್ಳಗೆ, ಬಿಳಿ ಟೊಪ್ಪಿ, ನಿಧಾನದ ಮಾತು. ಒಳಗೆ ಕರೆದುಕೊಂಡು ಹೋಗಿ ಮೊದಲು ಬಾಗಿಲ ಹತ್ತಿರದ ಕಂಬ ತೋರಿಸಿದರು. ಕಂಬಗಳು ತಲೆಕೆಳಗಾಗಿ ನಿಂತಿವೆ! ಬಿಷಪ್ ಎಡ್ವರ್ಡ್ ಸ್ಟೀರ್ ಊರಲ್ಲಿಲ್ಲದಾಗ ಕೆಲಸದವರು ಹಾಗೆ ನಿಲ್ಲಿಸಿದರಂತೆ. ಬಂದು ನೋಡಿದ ಬಿಷಪ್ ಇರಲಿ ಬಿಡಿ ಅಂದರಂತೆ. ಆಮೇಲೆ ಬಲಿಪೀಠದ ಮುಂದೆ ನೆಲ ತೋರಿಸಿದರು. ಬಿಳಿ ಅಮೃತಶಿಲೆಯ ಒಂದು ಚಕ್ರ, ಸುತ್ತ ಕೆಂಪು. ಅಲ್ಲೊಂದು ಮರ ಇತ್ತು. ಕಟ್ಟಿ ಹೊಡೆಯುವ ಮರ. ಏಟು ತಿಂದೂ ಅಳದವರಿಗೆ ಬೆಲೆ ಜಾಸ್ತಿ ಅಂತ ಗೈಡ್ ಹೇಳಿದರು. ತಂಗಿ ಮಗಳು ಆ ಚಕ್ರದ ಅಂಚಿನಲ್ಲಿ ನಿಂತಿದ್ದವಳು ಎರಡು ಹೆಜ್ಜೆ ಹಿಂದೆ ಸರಿದಳು.

ಪಕ್ಕದಲ್ಲಿ ಮರದ ಒಂದು ಸಣ್ಣ ಶಿಲುಬೆ. ಆಫ್ರಿಕಾದ ಒಳನಾಡು ಸುತ್ತಿದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ 1873ರ ಮೇನಲ್ಲಿ ಈಗಿನ ಜಾಂಬಿಯಾದ ಚಿತಾಂಬೊ ಎಂಬಲ್ಲಿ ಸತ್ತಾಗ ಜೊತೆಯವರು ಹೃದಯ ತೆಗೆದು ಒಂದು ಮರದ ಬುಡದಲ್ಲಿ ಹೂತರು. ಶಿಲುಬೆ ಆ ಮರದ್ದು. ದೇಹವನ್ನು ಒಣಗಿಸಿ, ಬಟ್ಟೆ ಸುತ್ತಿ, ತಿಂಗಳುಗಟ್ಟಲೆ ನಡೆದು ಕರಾವಳಿಯ ಬಾಗಮೊಯೊಗೆ ಹೊತ್ತು ತಂದರು. ಹೂಳುವಾಗ ಪ್ರಾರ್ಥನೆ ಓದಿ, ಮರದ ಮೇಲೆ ಹೆಸರು ಕೆತ್ತಿದವನು ಜೇಕಬ್ ವೇನ್‌ರೈಟ್. ಅವನು ಓದಿದ್ದು ಎಲ್ಲಿ ಗೊತ್ತಾ? ನಮ್ಮ ನಾಸಿಕದಲ್ಲಿ. ಗುಲಾಮರ ಹಡಗಿನಿಂದ ಬಿಡಿಸಿದ ಮಕ್ಕಳನ್ನು ಬ್ರಿಟಿಷರು ಬಾಂಬೆಗೆ ತಂದು ನಾಸಿಕದ ಮಿಷನ್ ಶಾಲೆಗೆ ಸೇರಿಸುತ್ತಿದ್ದರು. ನಾಸಿಕ ಅಂದರೆ ಕುಂಭಮೇಳ, ದ್ರಾಕ್ಷಿ, ಈರುಳ್ಳಿ ಅಂತ ಮಾತ್ರ ಗೊತ್ತಿದ್ದ ನನಗೆ ಇದು ಹೊಸದು.

ಆಮೇಲೆ ನೆಲಮಾಳಿಗೆ. ಹತ್ತಾರು ಮೆಟ್ಟಿಲು ಇಳಿದರೆ ಎರಡು ಕೋಣೆ. ಸೊಂಟ ಬಗ್ಗಿಸದೆ ನಿಲ್ಲುವ ಹಾಗಿಲ್ಲ. ಎರಡೂ ಬದಿಗೆ ಕಲ್ಲಿನ ಜಗಲಿ, ನಡುವೆ ಚರಂಡಿಯಂಥ ಓಣಿ, ಗೋಡೆಯ ಮೇಲೆ ಬೆರಳೆರಡು ಹಿಡಿಸುವಷ್ಟು ಬೆಳಕಿನ ಸೀಳು. ಒಂದರಲ್ಲಿ ಹೆಂಗಸರು ಮಕ್ಕಳು ಸೇರಿ 75, ಇನ್ನೊಂದರಲ್ಲಿ ಗಂಡಸರು 50 ಅಂತ ಗೈಡ್ ಲೆಕ್ಕ ಕೊಟ್ಟರು. ನಾವು ನಾಲ್ಕು ಜನಕ್ಕೇ ಉಸಿರು ಕಟ್ಟಿತು.

ಆದರೆ ಒಂದು ಮಾತು ಹೇಳಲೇಬೇಕು. ಆ ನೆಲಮಾಳಿಗೆಯ ಮೇಲಿರುವ ಕಟ್ಟಡ ಮಿಷನ್ನಿನವರ ಆಸ್ಪತ್ರೆಯಾಗಿತ್ತು, ಮಾರುಕಟ್ಟೆ ಮುಚ್ಚಿದ ಮೇಲೆ ಕಟ್ಟಿದ್ದು. ಹಾಗಾಗಿ ಈ ಕೋಣೆಗಳಲ್ಲಿ ಗುಲಾಮರನ್ನು ಕೂಡಿಟ್ಟಿದ್ದರು ಅನ್ನುವುದನ್ನು ಇಲ್ಲಿನ ಇತಿಹಾಸಕಾರರೇ ಒಪ್ಪುವುದಿಲ್ಲ. ಮೇಲೆ ಬಂದ ಮೇಲೆ ಗೈಡ್‌ಗೆ ಮೆಲ್ಲಗೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ನೀವು ಇಷ್ಟು ದೂರದಿಂದ ಬರ್ತೀರಿ. ಬರೀ ಖಾಲಿ ನೆಲ ತೋರಿಸಿ ಇಲ್ಲಿ ಮಾರ್ತಿದ್ರು ಅಂದ್ರೆ ನಿಮಗೆ ಏನು ಕಾಣತ್ತೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಆದರೂ ಖಾಲಿ ನೆಲವೇ ಸಾಕಿತ್ತು ಅನ್ನಿಸಿತು. 1860ರ ದಶಕದಲ್ಲಿ ವರ್ಷಕ್ಕೆ ಹದಿನೈದು ಇಪ್ಪತ್ತು ಸಾವಿರ ಜನ ಈ ದ್ವೀಪದ ಮೂಲಕ ಹಾದುಹೋದರು. ಹೆಚ್ಚಿನವರು ನ್ಯಾಸಾ ಸರೋವರದ ಸುತ್ತಲಿನವರು. ನಡೆಸಿಕೊಂಡು ಕಿಲ್ವಾ ಬಂದರಿಗೆ ತಂದು, ಅಲ್ಲಿಂದ ಹಾಯಿಹಡಗು. ಕೆಲವರು ಅರೇಬಿಯಾ, ಪರ್ಷಿಯಾ ಕಡೆ ಹೋದರು. ಬಹಳಷ್ಟು ಜನ ಇಲ್ಲೇ ಲವಂಗದ ತೋಟಕ್ಕೆ. ನಮ್ಮಜ್ಜಿ ಕವಳ ಹಾಕುವಾಗ ಕೊನೆಗೊಂದು ಲವಂಗ ಚುಚ್ಚುತ್ತಿದ್ದಳು. ಜಾಂಜಿಬಾರ್ ಲವಂಗದ ದೊಡ್ಡ ಗಿರಾಕಿ ಆಗ ಬಾಂಬೆ.

"ಎಲ್ಲಿಂದ?" ಅಂತ ಗೈಡ್ ಕೇಳಿದರು. ಇಂಡಿಯಾ ಅಂದೆ.

"ಹಾಗಾದ್ರೆ ನಿಮಗೆ ಇನ್ನೊಂದು ಹೇಳ್ಬೇಕು" ಅಂದರು ನಗುತ್ತಾ. "ಇಲ್ಲಿ ವ್ಯಾಪಾರಕ್ಕೆ ಸಾಲ ಕೊಡ್ತಿದ್ದವರು ನಿಮ್ಮವರು."

ಅದು ನಿಜ. ಸುಲ್ತಾನನ ಬಂದರಿನ ಸುಂಕ ವಸೂಲಿಯನ್ನು ವರ್ಷಗಟ್ಟಲೆ ಗುತ್ತಿಗೆ ಹಿಡಿದಿದ್ದು ಕಛ್‌ನ ಜೈರಾಮ್ ಶಿವಜಿ ಎಂಬ ವ್ಯಾಪಾರಿ ಮನೆತನ. ದಂತಕ್ಕೆ, ಲವಂಗಕ್ಕೆ, ಮನುಷ್ಯರ ತಲೆಗೂ ಇಷ್ಟಿಷ್ಟು ಅಂತ ಸುಂಕ. ಒಳನಾಡಿಗೆ ಹೋಗುವ ಅರಬ್ ವ್ಯಾಪಾರಿಗಳು ಭಾರತೀಯ ಸಾಹುಕಾರರಿಂದ ಬಟ್ಟೆ, ಮಣಿ ಸಾಲ ತಗೊಂಡು ಹೋಗಿ ದಂತ, ಜನ ತರುತ್ತಿದ್ದರು. ಆ ಬಟ್ಟೆಯಲ್ಲಿ ಒಂದು ಬಗೆಗೆ 'ಮೆರಿಕಾನಿ' ಅಂತ ಹೆಸರು. ಅಮೆರಿಕದ ಗಿರಣಿ ಬಟ್ಟೆ, ಅದರ ಹತ್ತಿ ಬಿಡಿಸಿದವರು ಅಲ್ಲಿನ ಗುಲಾಮರು. ದಂತ ಮಾತ್ರ ನಮ್ಮ ಕಡೆ ಮದುಮಕ್ಕಳ ಬಳೆಯಾಗಿ ಬರುತ್ತಿತ್ತು.

ನನ್ನ ಬಾಯಿಂದ ತಟ್ಟನೆ ಬಂದ ಮಾತು ಏನು ಗೊತ್ತಾ? "ಅವರು ಗುಜರಾತಿನವರು. ನಾವು ಕರ್ನಾಟಕ." ಹೇಳಿ ಮುಗಿಸುವಷ್ಟರಲ್ಲಿ ನಾಚಿಕೆಯಾಯಿತು. ಯಾರಾದರೂ ಭಾರತದವರು ಪ್ರೈಜ್ ಗೆದ್ದರೆ ನಮ್ಮವರು, ಇಂಥದ್ದಕ್ಕೆ ಮಾತ್ರ ರಾಜ್ಯದ ಗಡಿ.

ಹೊರಗೆ ಅಂಗಳದಲ್ಲಿ ಸ್ವೀಡನ್ನಿನ ಕ್ಲಾರಾ ಸೋರ್ನಾಸ್ 1998ರಲ್ಲಿ ಮಾಡಿದ ಶಿಲ್ಪ ಇದೆ. ನೆಲದಲ್ಲೊಂದು ಚೌಕ ಹೊಂಡ, ಅದರೊಳಗೆ ಐದು ಜನ. ಕುತ್ತಿಗೆಗೆ ಕಬ್ಬಿಣದ ಪಟ್ಟಿ, ಎಲ್ಲರಿಗೂ ಒಂದೇ ಸರಪಳಿ. ಸರಪಳಿ ಆ ಕಾಲದ್ದೇ. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಐವರಲ್ಲಿ ಒಬ್ಬಳ ಮುಖ ನನ್ನನ್ನು ಹಿಡಿದು ನಿಲ್ಲಿಸಿತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳ ಮುಖ ಅದು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ ಅಂತ ನಿಮಗೂ ಗೊತ್ತಿರುತ್ತದೆ. ಅವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿದರು. ನನ್ನ ಗೆಳತಿ ಹೊಳೆಯಾಚೆಯವಳು. ಮಳೆಗಾಲದಲ್ಲಿ ಸಂಕ ದಾಟಿ ಬರುತ್ತಿದ್ದಳು. ಸಂಕ ಕೊಚ್ಚಿಹೋದರೆ ಪಾಟಿಚೀಲ ತಲೆಗೆ ಕಟ್ಟಿಕೊಂಡು ಈಜಿಕೊಂಡೇ ಬಂದದ್ದೂ ಇದೆ. ಹಾಜರಿ ಕರೆಯುವಾಗ ಒಬ್ಬ ಮಾಸ್ತರು ಅವಳ ಹೆಸರು ಬಿಟ್ಟು "ಏ ಆಫ್ರಿಕಾ" ಅನ್ನುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು. ನಾನೂ ನಗುತ್ತಿದ್ದೆ.

ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ದಿನ 3: ಮಂಗಾಪ್ವಾನಿ

ಬೆಳಿಗ್ಗೆ ಸ್ಟೋನ್ ಟೌನ್ ಓಣಿಗಳಲ್ಲಿ ಸುಮ್ನೆ ಅಲೆದೆವು. ಹಿತ್ತಾಳೆ ಮೊಳೆ ಹೊಡೆದ ದೊಡ್ಡ ದೊಡ್ಡ ಬಾಗಿಲು. ದೊಡ್ಡ ಗುಲಾಮ ವ್ಯಾಪಾರಿ ಟಿಪ್ಪು ಟಿಪ್‌ನ ಮನೆ ಈಗಲೂ ಇದೆ, ಗೋಡೆ ಗಾರೆ ಉದುರಿದೆ. 1905ರಲ್ಲಿ ಸತ್ತ. ಹಾಸಿಗೆಯಲ್ಲಿ, ಮಲೇರಿಯಾಕ್ಕೆ. ಕಡಲ ದಂಡೆಯ ಹೌಸ್ ಆಫ್ ವಂಡರ್ಸ್ ಅರಮನೆ 2020ರ ಡಿಸೆಂಬರ್‌ನಲ್ಲಿ ಒಂದು ಭಾಗ ಕುಸಿದು ಬಿದ್ದಿದೆ. ಹೊರಗಿಂದಲೇ ನೋಡಿ ಮುಂದೆ ಹೋದೆವು.

ಮಧ್ಯಾಹ್ನ ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಮಂಗಾಪ್ವಾನಿ. ಸ್ವಾಹಿಲಿಯಲ್ಲಿ ಅರಬರ ತೀರ ಅಂತ ಅರ್ಥ. ಪೊದೆ, ಗೇರುಮರ, ಕೆಂಪು ಮಣ್ಣು. ನಮ್ಮ ಅಂಕೋಲಾ ಕಡೆ ಬಂದ ಹಾಗೆ. ಅದರ ನಡುವೆ ನೆಲಕ್ಕೆ ಹಾಸಿದಂತೆ ಒಂದು ಕಲ್ಲಿನ ಚಾವಣಿ. ಪಕ್ಕದಲ್ಲಿ ಕೆಳಗಿಳಿಯುವ ಮೆಟ್ಟಿಲು. ಗೊತ್ತಿಲ್ಲದವರು ಮೇಲೆ ನಡೆದುಕೊಂಡೇ ಹೋಗಿಬಿಡುತ್ತಾರೆ.

ಇದು ಕಟ್ಟಿದ್ದು 1880ರ ಸುಮಾರಿಗೆ. ಅಂದರೆ ಮಾರುಕಟ್ಟೆ ಮುಚ್ಚಿ ಏಳು ವರ್ಷ ಆದ ಮೇಲೆ. ಮೊಹಮ್ಮದ್ ಬಿನ್ ನಾಸರ್ ಎಂಬ ವ್ಯಾಪಾರಿ ಹವಳದ ಬಂಡೆ ಕೊರೆದು ಮಾಡಿಸಿದ. ಕಳ್ಳಸಾಗಣೆ ಜನರನ್ನು ಬಚ್ಚಿಡಲು. ಹಗಲೆಲ್ಲ ಒಳಗೆ, ರಾತ್ರಿ ಹಿಂದಿನ ದಾರಿಯಿಂದ ಕಡಲಿಗೆ, ಕಡಲಲ್ಲಿ ಕಾಯುವ ದೋಣಿಗೆ. ಕಾನೂನು ಬಂದ ಮೇಲೆ ಕೆಟ್ಟ ಕೆಲಸ ನಿಲ್ಲಲಿಲ್ಲ, ನೆಲದ ಕೆಳಗೆ ಹೋಯಿತು. ಜಾಂಜಿಬಾರ್‌ನಲ್ಲಿ ಗುಲಾಮಗಿರಿಯೇ ಕಾನೂನುಬಾಹಿರ ಆಗಿದ್ದು 1897ರಲ್ಲಿ. ಮನೆಯಲ್ಲಿಟ್ಟುಕೊಂಡ ಹೆಂಗಸರಿಗೆ ಅದೂ ಅನ್ವಯಿಸಲಿಲ್ಲ, ಅವರು 1909ರ ತನಕ ಕಾಯಬೇಕಾಯಿತು.

ನಿನ್ನೆಯದು ಟಿಕೆಟ್ಟು, ಲೈಟು, ಸಾಲು ಇದ್ದ ಜಾಗ. ಇಲ್ಲಿ ಏನೂ ಇರಲಿಲ್ಲ. ಒಂದು ಹಲ್ಲಿ ಇತ್ತು. ಕೆಳಗೆ ಇಳಿದು ಫೋನಿನ ಟಾರ್ಚ್ ಆರಿಸಿದೆ. ಗೋಡೆ ಮುಟ್ಟಿದರೆ ಹವಳದ ಕಲ್ಲು ಚರ್ಮ ತರಚುವಷ್ಟು ಒರಟು. ಕಿವಿಗೊಟ್ಟರೆ ಸಮುದ್ರ ಕೇಳುತ್ತಿತ್ತು. ಒಳನಾಡಿನಿಂದ ಬಂದವರಲ್ಲಿ ಎಷ್ಟೋ ಜನ ಸಮುದ್ರವನ್ನೇ ನೋಡಿರದವರು. ಕತ್ತಲಲ್ಲಿ ಕೂತು ಮೊದಲ ಸಲ ಆ ಸದ್ದು ಕೇಳಿದವರು ಅದನ್ನು ಏನೆಂದುಕೊಂಡರೋ.

ತಂಗಿ ಮೇಲಿಂದ ಕೂಗಿದಳು. ಎಷ್ಟು ಹೊತ್ತು ಕೂತಿದ್ದೆ ಅಂತ ನನಗೇ ಗೊತ್ತಾಗಲಿಲ್ಲ.

ರಾತ್ರಿ ನುಂಗ್ವಿ ತಲುಪಿದೆವು.

ದಿನ 4: ಗುಳ್ಳೆ

ನುಂಗ್ವಿ ದ್ವೀಪದ ಉತ್ತರದ ತುದಿ. ಪೂರ್ವದ ತೀರದಲ್ಲಿ ಇಳಿತ ಬಂದರೆ ನೀರು ಒಂದು ಕಿಲೋಮೀಟರ್‌ವರೆಗೂ ಹಿಂದೆ ಹೋಗುತ್ತದೆ. ಇಲ್ಲಿ ಹಾಗಲ್ಲ, ಇಡೀ ದಿನ ಈಜುವಷ್ಟು ನೀರಿರುತ್ತದೆ. ಈಜು ಕಲಿಯಲು ಇದನ್ನೇ ಆರಿಸಿದ್ದು ಅದಕ್ಕೆ. ದಂಡೆಯ ಮೇಲೆ ದೌ ಅನ್ನುವ ಹಾಯಿದೋಣಿ ಕಟ್ಟುವವರು ಕೈಯುಳಿ ಹಿಡಿದು ಕೂತಿದ್ದರು.

ನಮ್ಮ ಟೀಚರ್ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ತಲೆಯಿಂದ ಪಾದದವರೆಗೆ ಕಪ್ಪು ಈಜುಡುಗೆ, ಮುಖ ಮಾತ್ರ ಕಾಣುತ್ತದೆ. ಟೀಚರ್‌ಗೆ ಇಲ್ಲಿ ಮ್ವಾಲಿಮು ಅನ್ನುತ್ತಾರೆ. ನಾನೂ ಹಾಗೇ ಕರೆದೆ. ನಾನು ಉದ್ದ ತೋಳಿನ ಟೀ ಶರ್ಟು, ಲೆಗಿಂಗ್ಸ್. ಬಿಕಿನಿ ಹಾಕಿದ ವಿದೇಶಿಯರ ನಡುವೆ ನಾವಿಬ್ಬರು ಒಂದೇ ಊರಿನವರ ಹಾಗೆ ಕಾಣುತ್ತಿದ್ದೆವು.

ಕೈ ಬಡಿಯುವುದು, ಕಾಲು ಬಡಿಯುವುದು ಅಂತ ಕಲಿಸುತ್ತಾಳೆ ಅಂದುಕೊಂಡಿದ್ದೆ. ಒಂದು ಗಂಟೆ ಬರೀ ಗುಳ್ಳೆ ಬಿಡಿಸಿದಳು. ಸೊಂಟದ ನೀರಿನಲ್ಲಿ ನಿಲ್ಲು, ಮುಖ ಮುಳುಗಿಸು, ಮೂಗಿನಿಂದ ಗುಳ್ಳೆ ಬಿಡು, ಮೇಲೆ ಬಾ, ಬಾಯಿಂದ ಉಸಿರು ತಗೋ. ಕೇಳಲು ಸುಲಭ. ಮುಖ ಮುಳುಗಿಸಿದ ತಕ್ಷಣ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. ಬಿಗಿ ಹಿಡಿದರೆ ಎದೆ ಕಲ್ಲಾಗುತ್ತದೆ. ಮೇಲೆ ಬಂದಾಗ ಹಳೇ ಉಸಿರು ಬಿಡಬೇಕೋ ಹೊಸದು ತಗೋಬೇಕೋ ಗೊತ್ತಾಗದೆ ನೀರು ಕುಡಿಯುವುದು. ಹತ್ತು ಸಲ ಕುಡಿದೆ. ಆ ಉಪ್ಪು ಗಂಟಲಿಗೆ ಇಳಿದರೆ ಹೊಟ್ಟೆಯೊಳಗಿನ ನಿನ್ನೆಯ ಊಟವೂ ನೆನಪಾಗುತ್ತದೆ.

ಅವಳ ಇಂಗ್ಲಿಷ್ ಸ್ವಲ್ಪ, ನನ್ನ ಸ್ವಾಹಿಲಿ ಇನ್ನೂ ಸ್ವಲ್ಪ. ಎದೆ ಮೇಲೆ ಕೈ ಇಟ್ಟು ತೋರಿಸಿ "ಹೆವಾ, ಹೆವಾ" ಅಂದಳು. ಏನಪ್ಪಾ ಅಂತ ನೋಡಿದೆ. ಬಾಯಿಂದ ಫೂ ಅಂತ ಊದಿ ತೋರಿಸಿದಳು.

ಅರೆ, ಹವಾ! ಸೈಕಲ್ಲಿಗೆ ಹೊಡೆಯುವ ಹವಾ!

ಅರಬ್ಬಿಯಿಂದ ಅತ್ತ ಅವರಿಗೂ ಇತ್ತ ನಮಗೂ ಬಂದ ಮಾತು. ಒಳಗೆ ಹವಾ ಇದ್ದರೆ ತೇಲುತ್ತೀಯ, ಟ್ಯೂಬಿನ ಹಾಗೆ. ಉಪ್ಪು ನೀರು ಸಿಹಿ ನೀರಿಗಿಂತ ಭಾರ, ಅದೇ ನಿನ್ನನ್ನು ಎತ್ತುತ್ತದೆ. ಇಷ್ಟನ್ನು ಅವಳು ಕೈಸನ್ನೆಯಲ್ಲೇ ಹೇಳಿದಳು. ಹನ್ನೊಂದನೇ ಸಲ ಗುಳ್ಳೆ ಬಂತು.

ದಿನ 5: ತರಚು

ಈ ದಿನದ ಬಗ್ಗೆ ಬರೆಯಲು ಮನಸ್ಸಿಲ್ಲ. ಬೋರಲು ತೇಲುವ ಪಾಠ. ಅವಳ ಕೈ ಹೊಟ್ಟೆಯ ಕೆಳಗೆ ಇರುವ ತನಕ ತೇಲುತ್ತಿದ್ದೆ. ತೆಗೆದಳು ಅಂತ ಗೊತ್ತಾಗಿದ್ದೇ ತಡ, ತಲೆ ಎತ್ತಿದೆ. ತಲೆ ಎತ್ತಿದರೆ ಕಾಲು ಕೆಳಗೆ ಹೋಗುತ್ತದೆ, ತಕ್ಕಡಿಯ ಹಾಗೆ. ಕಾಲಿಗೆ ನೆಲ ಸಿಗಲಿಲ್ಲ. ಎದೆಮಟ್ಟದ ನೀರು ಅಷ್ಟೇ, ಆದರೂ ಸಿಗಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಿಡಿದೆ. ಅದು ಅವಳ ತೋಳು. ಎದ್ದು ನಿಂತು ನೋಡಿದರೆ ಅವಳ ಮುಂಗೈ ಮೇಲೆ ನನ್ನ ನಾಲ್ಕು ಉಗುರಿನ ಗೆರೆ, ತೆಳ್ಳಗೆ ರಕ್ತ.

"ಸಮಹಾನಿ, ಸಮಹಾನಿ" ಅಂದೆ. ಅವರ 'ಕ್ಷಮಿಸಿ'. ಅವಳು ಗಾಯಕ್ಕೆ ಸಮುದ್ರದ ನೀರು ಎರಚಿಕೊಂಡು "ಪೋಲೆ ಪೋಲೆ" ಅಂದಳು. ನಿಧಾನ, ನಿಧಾನ. ತಂಗಿ ಮಗಳು ದಂಡೆಯಲ್ಲಿ ಬಾಯಿ ಮೇಲೆ ಕೈ ಇಟ್ಟು ನಿಂತಿದ್ದಳು. ಆ ದಿನ ನಗಲಿಲ್ಲ.

ದಿನ 6: ಮೂಗಿನ ತುದಿ

ಬೆಳಿಗ್ಗೆ ಮ್ವಾಲಿಮು ನೀರಿಗೆ ಇಳಿಸಲಿಲ್ಲ. ದಂಡೆಯ ಮೇಲೆ ಕೂತು ಮಾತಾಡಿದೆವು, ತಂಗಿಯ ದುಭಾಷಿತನದಲ್ಲಿ. ಅವಳ ಅಮ್ಮ ಪೂರ್ವ ತೀರದ ಪಾಜೆಯವಳು. ಕಡಲಪಾಚಿ ಬೆಳೆಯುತ್ತಾಳೆ. ಜಾಂಜಿಬಾರ್‌ನಲ್ಲಿ ಈ ಬೇಸಾಯ ಶುರುವಾಗಿದ್ದು 1989ರಲ್ಲಿ, ಮಾಡುವವರು ಹೆಚ್ಚಾಗಿ ಹೆಂಗಸರು. ಇಳಿತದ ಹೊತ್ತಿಗೆ ನಡೆದು ಹೋಗಿ, ಗೂಟ ನೆಟ್ಟು, ಹಗ್ಗಕ್ಕೆ ಪಾಚಿ ಕಟ್ಟುವುದು. ಒಣಗಿಸಿ ಮಾರಿದರೆ ಅದರಿಂದ ತೆಗೆದ ಅಂಟು ಟೂತ್‌ಪೇಸ್ಟಿಗೆ, ಐಸ್‌ಕ್ರೀಮಿಗೆ ಹೋಗುತ್ತದೆ. ಈಗ ನೀರು ಬಿಸಿಯಾಗಿ ಒಳ್ಳೆ ಬೆಲೆಯ ಜಾತಿಯ ಪಾಚಿ ದಂಡೆ ಹತ್ತಿರ ಸಾಯುತ್ತಿದೆ. ಆಳಕ್ಕೆ ಹೋದರೆ ಬೆಳೆಯುತ್ತದೆ. ಆಳಕ್ಕೆ ಹೋಗಲು ದೋಣಿ ಬೇಕು, ಈಜು ಬೇಕು. ಮೂವತ್ತು ವರ್ಷ ಸಮುದ್ರದಲ್ಲಿ ನಿಂತ ಅಮ್ಮನಿಗೆ ಈಜು ಬರುವುದಿಲ್ಲ.

"ಯಾಕೆ ಕಲೀಲಿಲ್ಲ?" ಅಂತ ಕೇಳಿದೆ.

"ಹುಡುಗಿಯರು ನೀರ ಹತ್ರ ಹೋಗ್ಬಾರ್ದು ಅಂತಿದ್ರು" ಅಂದಳು.

ತಂಗಿ ಭಾಷಾಂತರ ಮಾಡಿ ಮುಗಿಸಿ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮ್ವಾಲಿಮುಗೆ ಯಾಕೆ ಅಂತ ಗೊತ್ತಾಗಲಿಲ್ಲ, ಅವಳೂ ನಕ್ಕಳು.

ಆಮೇಲೆ ಇಳಿದೆವು. ಮೊದಲು ಎದ್ದು ನಿಲ್ಲುವುದು ಕಲಿಸಿದಳು. ನಿನ್ನೆ ಕಲಿಸಬೇಕಿತ್ತು ಅನ್ನಿಸಿತು, ಹೇಳಲಿಲ್ಲ. ತೇಲುತ್ತಿರುವಾಗ ಮಂಡಿ ಎದೆಗೆ ಎಳೆದುಕೋ, ಎರಡೂ ಕೈಯಿಂದ ನೀರನ್ನು ಕೆಳಗೆ ಒತ್ತು, ಆಮೇಲೆ ತಲೆ ಎತ್ತು. ಕಾಲು ತಾನಾಗೇ ನೆಲಕ್ಕೆ ಬರುತ್ತದೆ. ಬಂತು! ಮತ್ತೆ ಮಾಡಿದೆ, ಮತ್ತೆ ಬಂತು. ಬೇಕಾದಾಗ ನಿಲ್ಲಬಹುದು ಅಂತ ಗೊತ್ತಾದ ಮೇಲೆ ಮೈಯ ಬಿಗಿ ಅರ್ಧ ಇಳಿಯಿತು.

ಆಮೇಲೆ ಅಂಗಾತ. ಹಿಂದಲೆ ಅವಳ ಅಂಗೈಯಲ್ಲಿ. ಕಿವಿ ನೀರಿಗೆ ಇಳಿದಾಗ ಲೋಕದ ಸದ್ದೆಲ್ಲ ನಿಂತುಹೋಯಿತು. ನನ್ನ ಉಸಿರೇ ಯಾರೋ ಪಕ್ಕದ ಕೋಣೆಯಲ್ಲಿ ಮಲಗಿದ ಹಾಗೆ ಕೇಳುತ್ತಿತ್ತು. ಉಸಿರು ಎಳೆದರೆ ಎದೆ ಮೇಲೇಳುತ್ತದೆ, ಬಿಟ್ಟರೆ ಒಂದಿಂಚು ಇಳಿಯುತ್ತದೆ. ಮೇಲೆ ಆಕಾಶ. ಅವಳು ಯಾವಾಗ ಕೈ ತೆಗೆದಳೋ.

ಮೊದಲ ಮೂರು ದಿನ ನೋಡಿದ್ದೆಲ್ಲ ಆ ಹೊತ್ತಿಗೆ ತಲೆಗೆ ಬರುತ್ತದೆ ಅಂದುಕೊಂಡಿದ್ದೆ. ಇದೇ ನೀರು, ಇದೇ ದಾರಿ, ಹೀಗೆಲ್ಲ. ಏನೂ ಬರಲಿಲ್ಲ. ಮೂಗಿನ ತುದಿ ಕೆರೆಯುತ್ತಿತ್ತು. ಕೈ ಎತ್ತಿದರೆ ಮುಳುಗುತ್ತೇನೆ ಅಂತ ಹಾಗೇ ಬಿಟ್ಟೆ.

ರಾತ್ರಿ ಶಾಲೆಯ ವಾಟ್ಸಾಪ್ ಗ್ರೂಪಿನಿಂದ ಗೆಳತಿಯ ನಂಬರ್ ಸಿಕ್ಕಿತು. ಈಗ ಹಳಿಯಾಳದಲ್ಲಿದ್ದಾಳೆ. ಶಿಲ್ಪದ ಫೋಟೋ ಕಳಿಸಲು ತೆಗೆದೆ. ಕಳಿಸಲಿಲ್ಲ. ನುಂಗ್ವಿಯ ಕಡಲಿನ ಫೋಟೋ ಕಳಿಸಿ, ನಿನಗೆ ಈಜು ಕಲಿಸಿದ್ದು ಯಾರು ಅಂತ ಕೇಳಿದೆ. ತಕ್ಷಣ ವಾಯ್ಸ್ ಮೆಸೇಜ್ ಬಂತು. ಮೂವತ್ತು ವರ್ಷದ ಮೇಲೂ ಅದೇ ದನಿ. "ಯಾರು ಕಲಿಸ್ತಾರೆ ಮಾರಾಯ್ತಿ. ಎಮ್ಮೆ ಬಾಲ ಹಿಡ್ಕೊಂಡು ಹೊಳೆ ದಾಟ್ತಿದ್ದೆ. ಒಂದಿನ ಬಾಲ ತಪ್ಪಿತು." ಆಮೇಲೆ ಇನ್ನೊಂದು ಮೆಸೇಜ್. "ನೀನು ಎಲ್ಲಿದ್ದೀಯ? ನಾನು ಗೋವಾ ದಾಟಿ ಎಲ್ಲೂ ಹೋಗಿಲ್ಲ ನೋಡು."

ಎಲ್ಲಿದ್ದೇನೆ ಅಂತ ಬರೆದೆ. ಮಾಸ್ತರ ವಿಷಯ ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದೆ. ನಾನೂ ನಗುತ್ತಿದ್ದೆ, ತಪ್ಪಾಯಿತು ಅಂತ. ಎರಡು ನೀಲಿ ಗೆರೆ ಬಂತು. ಉತ್ತರ ಆ ರಾತ್ರಿ ಬರಲಿಲ್ಲ.

ದಿನ 7: ಹದಿನಾರು

ಮಧ್ಯಾಹ್ನದ ಹಡಗು. ಬೆಳಿಗ್ಗೆ ಆರಕ್ಕೇ ನೀರಿನಲ್ಲಿದ್ದೆವು. ಲಂಗರು ಹಾಕಿದ ದೋಣಿಯೊಂದರ ಹಗ್ಗದಿಂದ ದಂಡೆ ಕಡೆಗೆ ಈಜಬೇಕು. ಹಗ್ಗದ ಹತ್ತಿರ ನೀರು ಕುತ್ತಿಗೆವರೆಗೆ. ಮ್ವಾಲಿಮು ಪಕ್ಕದಲ್ಲಿ, ಮುಟ್ಟುವುದಿಲ್ಲ ಅಂತ ಮೊದಲೇ ಹೇಳಿದ್ದಳು. ಅವಳ ಮುಂಗೈಯಲ್ಲಿ ಗೆರೆಗಳು ಒಣಗಿ ಕಪ್ಪಾಗಿದ್ದವು.

ಮುಖ ಮುಳುಗಿಸಿ ಹಗ್ಗ ಬಿಟ್ಟೆ. ಕಾಲು ಮಂಡಿಯಿಂದಲ್ಲ, ಸೊಂಟದಿಂದ ಬಡಿಯಬೇಕು. ಮಂಡಿಯಿಂದಲೇ ಬಡಿದೆ. ಕೈ ಚಾಚಿ, ನೀರನ್ನು ಹಿಂದಕ್ಕೆ ತಳ್ಳಿ, ಗುಳ್ಳೆ ಬಿಟ್ಟು, ಪಕ್ಕಕ್ಕೆ ತಿರುಗಿ ಉಸಿರು. ಎರಡು ಸಲ ಉಸಿರಿನ ಬದಲು ನೀರು ಬಂತು. ಕೆಳಗೆ ಮರಳಿನ ಮೇಲೆ ನನ್ನದೇ ನೆರಳು ಜೊತೆಗೇ ಹೋಗುತ್ತಿತ್ತು, ಕೈಕಾಲು ಅಡ್ಡಾದಿಡ್ಡಿ. ಮಂಡಿಗೆ ಮರಳು ತಾಗಿದಾಗ ಎದ್ದು ನಿಂತೆ.

"ಹದಿನಾರು ಕೈ, ದೊಡ್ಡಮ್ಮಾ!" ತಂಗಿ ಮಗಳು ದಂಡೆಯಲ್ಲಿ ಕುಣಿಯುತ್ತಿದ್ದಳು. "ಕೊನೇ ಎರಡು ನೆಲಕ್ಕೇ ಬಡಿದಿದ್ದು, ಆದ್ರೂ ಸೇರಿಸಿದೀನಿ."

ಮ್ವಾಲಿಮುಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಊರಿಂದ ತಂದ ಬಾಳೆಕಾಯಿ ಚಿಪ್ಸ್ ಪೊಟ್ಟಣ ಒಂದು ಉಳಿದಿತ್ತು. ಕೊಟ್ಟೆ. ಇಲ್ಲೂ ಮಾಡುತ್ತಾರಂತೆ. ಆದರೂ ತಗೊಂಡಳು.

ಹಡಗು ಹತ್ತಿ ಕೂತಾಗ ಫೋನು ಟಿಂಗ್ ಅಂತು. ಗೆಳತಿ. "ನೀನು ನಗ್ತಿದ್ದಿದ್ದು ಗೊತ್ತಿತ್ತು ನಂಗೆ. ಪಕ್ಕದಲ್ಲೇ ಕೂತಿದ್ದೆ ಅಲ್ವಾ." ಅದರ ಕೆಳಗೆ, "ಬೇಸಿಗೆಗೆ ಬಾ. ಹೊಳೆಯಲ್ಲಿ ಈಜು ನೋಡುವಾ."

ಬರ್ತೀನಿ ಅಂತ ಬರೆದೆ. ಆಮೇಲೆ ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಸೀಟಿನ ಕೆಳಗೆ ಕೈ ಹಾಕಿದೆ. ಲೈಫ್ ಜಾಕೆಟ್ ಇತ್ತು.